ಜ್ವರಕ್ಕೆ ಕೂತ ಸೊಸೆ

ನನ್ನ ಎದೆಯೊಳಗಿನ ಒಂದು ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಡಾಕ್ಟರು ಅದಕ್ಕೆ ಬೇರೆ ಹೆಸರು ಹೇಳುತ್ತಾರೆ, ನನಗೆ ಬಾಗಿಲು ಅಂದರೇ ಅರ್ಥವಾಗುವುದು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬಂದ ಕೀಲುಜ್ವರವೊಂದು ಅದನ್ನು ಹಾಗೆ ಕೆಡಿಸಿಟ್ಟು ತನ್ನ ಪಾಡಿಗೆ ತಾನು ಹೋಯಿತು. ಆಮೇಲಿನ ಹದಿನೈದು ವರ್ಷ ನಾನು ಆ ಬಾಗಿಲಿನ ಮರ್ಜಿ ಹಿಡಿದು ಬದುಕಿದ್ದೇನೆ. ಅಡುಗೆ ಮಾಡಿದ್ದೇನೆ, ರೇಷ್ಮೆ ಹುಳು ಸಾಕಿದ್ದೇನೆ, ಬೇಕಾದಷ್ಟು ಜಗಳವನ್ನೂ ಆಡಿದ್ದೇನೆ. ಇದನ್ನು ಬರೆಯುತ್ತಿರುವುದು, ಯಾವುದೋ ಊರಿನಲ್ಲಿ ಹಾಸಿಗೆಯ ಮೇಲೆ ಕೂತು, ಹೊರಗೆ ಬೇರೆಯವರು ಕೆಲಸ ಮಾಡುವ ಸದ್ದು ಕೇಳಿಸಿಕೊಳ್ಳುತ್ತಾ, ತನ್ನ ಮೇಲೆ ತಾನೇ ಸಿಟ್ಟಾಗಿರುವ ಯಾರೋ ಒಬ್ಬರಿಗೆ. ಆ ಸಿಟ್ಟು ನನಗೆ ಚೆನ್ನಾಗಿ ಗೊತ್ತು.

ಕೊಳ್ಳೇಗಾಲದ ಸೀಮೆ ಮದ್ರಾಸಿನಿಂದ ಮೈಸೂರಿಗೆ ಸೇರಿದ ವರ್ಷವೇ ನಾನು ಮಧುವನಹಳ್ಳಿಯಿಂದ ಹನೂರಿನ ಆಚೆಯ ಈ ಊರಿಗೆ ಸೊಸೆಯಾಗಿ ಬಂದೆ. ರಾಜ್ಯ ಬದಲಾದದ್ದು ಊರಿಗೆ ಅಷ್ಟಾಗಿ ತಿಳಿಯಲಿಲ್ಲ. ನಾನು ಬಂದದ್ದು ಮಾತ್ರ ನಮ್ಮ ಅತ್ತೆಗೆ ಮೊದಲ ದಿನವೇ ತಿಳಿಯಿತು, ಏಕೆಂದರೆ ಅಂದೇ ನನ್ನ ಕೈಗೆ ಸೊಪ್ಪು ಹೆಚ್ಚುವ ಕತ್ತಿ ಕೊಟ್ಟರು. ಅತ್ತೆಯ ಹೆಸರು ಪುಟ್ಟಮ್ಮಣ್ಣಿ. ಹುಳು ಸಾಕುವುದರಲ್ಲಿ ಎತ್ತಿದ ಕೈ. ನಡುಮನೆಯೆಲ್ಲ ಹುಳುವಿನ ತಟ್ಟೆಗಳ ಅಟ್ಟಣೆ, ಮಿಕ್ಕ ಜಾಗದಲ್ಲಿ ಮನುಷ್ಯರು. ನನ್ನ ಗಂಡ ಶಿವಮಲ್ಲಪ್ಪ ಹೊಲದಿಂದ ಹಿಪ್ಪುನೇರಳೆ ಸೊಪ್ಪು ಕುಯ್ದು ತರುವುದು, ನಾವು ಹೆಂಗಸರಿಬ್ಬರು ಅದನ್ನು ಹೆಚ್ಚಿ ತಟ್ಟೆಗಳಿಗೆ ಹಾಕುವುದು. ನಲವತ್ತು ತಟ್ಟೆಯಲ್ಲಿ ಇಪ್ಪತ್ತು ನನ್ನವು. ಆ ಮನೆಯಲ್ಲಿ ನಾನು ಯಾರು ಎಂದು ಕೇಳಿದರೆ ಅದೇ ಉತ್ತರ, ಇಪ್ಪತ್ತು ತಟ್ಟೆಯ ಸೊಸೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಮೊಟ್ಟೆಯೊಡೆದು ಬಂದಾಗಿನಿಂದ ಗೂಡು ಕಟ್ಟುವತನಕ ನಾಲ್ಕು ಜ್ವರ. ಗಬಗಬನೆ ತಿನ್ನುತ್ತಿದ್ದ ಹುಳು ಇದ್ದಕ್ಕಿದ್ದಂತೆ ಬಾಯಿ ಕಟ್ಟಿ, ತಲೆಯೆತ್ತಿ, ಒಂದು ದಿನ ಪೂರ್ತಿ ಅಲ್ಲಾಡದೆ ಕೂರುತ್ತದೆ. ಆಗ ‘ಜ್ವರಕ್ಕೆ ಕೂತಿವೆ’ ಎನ್ನುತ್ತೇವೆ. ಅದು ಕಾಯಿಲೆಯಲ್ಲ. ಆದರೆ ಇದೊಂದು ಮಾತಿನಿಂದಾಗಿ ನನ್ನ ನಿಜವಾದ ಕಾಯಿಲೆ ಮೂರು ವಾರ ಯಾರ ಕೈಗೂ ಸಿಗಲಿಲ್ಲ.

ನನಗೆ ಮೊದಲು ಮಂಡಿ ಊದಿತು, ಅದು ಇಳಿಯುವಷ್ಟರಲ್ಲಿ ಹಿಮ್ಮಡಿ, ಆಮೇಲೆ ಮಣಿಕಟ್ಟು. ಜ್ವರ ಬಿಡಲೊಲ್ಲದು. ಗಂಡ ಸೊಪ್ಪಿಗೆ ಹೋಗಲೇಬೇಕಿತ್ತು, ಹಾಗಾಗಿ ಅತ್ತೆಯೇ ಬಸ್ಸು ಹತ್ತಿಸಿ ಕೊಳ್ಳೇಗಾಲದ ಆಸ್ಪತ್ರೆಗೆ ಕರೆತಂದರು. ಡಾಕ್ಟರು ಹೊಸಬರು, ಮಂಗಳೂರಿನ ಕಡೆಯವರು, ಪುಸ್ತಕದಲ್ಲಿ ಅಚ್ಚಾದಂಥ ಕನ್ನಡ. ನಾನು ಬೆಂಚಿನ ಮೇಲೆ ಒರಗಿದ್ದೆ.

“ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರ ಉಂಟಾ?” ಎಂದು ಡಾಕ್ಟರು ಕೇಳಿದರು.

ಅತ್ತೆಯ ಜೀವವೆಲ್ಲ ಮನೆಯಲ್ಲಿ ಬಿಟ್ಟುಬಂದ ತಟ್ಟೆಗಳ ಮೇಲಿತ್ತು. “ಇಲ್ದೆ ಏನ್ಸಾ? ನಲ್ವತ್ತೂ ಜರಕ್ಕೆ ಕೂತವೆ” ಅಂದರು.

ಡಾಕ್ಟರ ಪೆನ್ನು ನಿಂತಿತು. “ನಲವತ್ತಾ?”

“ಊಂ ಸಾ. ಇದು ಎರಡ್ನೇ ಜರ. ನಾಳೀಕೆ ಎದ್ದೇಳ್ತವೆ. ಆಮೇಕೆ ಮೂರ್ನೇದು, ನಾಕ್ನೇದು. ಅದ್ಕೇ ಬಿರ್ನೆ ಬುಟ್ಬುಡಿ, ಓಗ್ಬೇಕು.”

“ಯಾರಾದರೂ ತೀರಿಕೊಂಡಿದ್ದಾರೆಯೇ?”

“ಒಂದಷ್ಟು ಸತ್ತೋದ್ವು ಸಾ. ಅದು ಯಾವಾಗ್ಲೂ ಇದ್ದದ್ದೇ.”

ನನಗೆ ಇದೆಲ್ಲ ಕೇಳಿಸುತ್ತಿತ್ತು. ತಪ್ಪೇನೂ ಕಾಣಲಿಲ್ಲ ಎಂದರೆ ನಂಬಬೇಕು, ನಾನೂ ಹುಳುವಿನ ಮನೆಯವಳೇ ತಾನೆ. ಡಾಕ್ಟರು ಅತ್ತೆಯ ಮುಖವನ್ನು ಹೆದರಿದವರಂತೆ ನೋಡಿ, ಕಹಿಕಹಿ ಮಲೇರಿಯಾ ಮಾತ್ರೆಗಳನ್ನು ಕೊಟ್ಟು ಕಳಿಸಿದರು. ಎರಡು ವಾರ ನುಂಗಿದೆ. ಹುಳುಗಳು ಮೂರನೇ ಜ್ವರ ಎದ್ದು ನಾಲ್ಕಕ್ಕೆ ಕೂತವು, ನನ್ನದು ಹಾಗೇ ಇತ್ತು. ಮೂರನೆಯ ವಾರ ಒಂದು ಬೆಳಿಗ್ಗೆ ಬಾಗಿಲಿಗೆ ಮಲೇರಿಯಾದವರು ಬಂದರು. ಇಬ್ಬರು, ಹೆಗಲಲ್ಲಿ ಪಂಪು, ಬಕೆಟ್ಟಿನಲ್ಲಿ ಬಿಳೀ ಔಷಧಿ. ಆ ಔಷಧಿಯ ಗಾಳಿ ಸೋಕಿದರೆ ಸಾಕು, ನಲವತ್ತು ತಟ್ಟೆಯೂ ಹೆಣ. ಅತ್ತೆ ಸೆರಗು ಸಿಕ್ಕಿಸಿ ಹೊಸ್ತಿಲ ಮೇಲೆ ಅಡ್ಡ ನಿಂತರು.

“ನನ್ ಹೆಣ ದಾಟ್ಕಂಡ್ ಓಗಿ ಒಳಕ್ಕೆ!”

“ನಮ್ಮನ್ಯಾಕವ್ವ ಬೈತೀರಿ? ಈ ಮನೇಲಿ ನಲ್ವತ್ ಜನಕ್ಕೆ ಜರ, ಒಂದಷ್ಟ್ ಜನ ಸತ್ತವ್ರೆ ಅಂತ ಡಾಕ್ಟ್ರು ಬರ್ದವ್ರೆ” ಅಂದ ಒಬ್ಬ, ಚೀಟಿ ತೋರಿಸಿ. ಇನ್ನೊಬ್ಬ ನಮ್ಮ ಕಡೆಯ ರಾಮಾಪುರದವನು, ಹುಳುವಿನ ಮಾತು ಬಲ್ಲವನು. ಅವನು ಬಗ್ಗಿ ನಡುಮನೆಯ ತಟ್ಟೆಗಳನ್ನು ನೋಡಿದ, ಚೀಟಿ ನೋಡಿದ, ಪಂಪನ್ನು ಕೆಳಗಿಟ್ಟು ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವರೂ ನಕ್ಕರು. ನಾನೂ ನಗಲು ಹೋದೆ, ಉಸಿರು ಸಿಗಲಿಲ್ಲ. ನಗುವುದಕ್ಕೆ ಉಸಿರಿಲ್ಲ ಎಂದು ಗೊತ್ತಾದ ಕ್ಷಣ ನಾನು ಮೊದಲ ಸಲ ನಿಜವಾಗಿ ಹೆದರಿದೆ. ಅತ್ತೆ ನನ್ನ ಮುಖ ನೋಡಿದವರು ನಗು ನಿಲ್ಲಿಸಿದರು. ಅಂದೇ ಮತ್ತೆ ಬಸ್ಸು ಹತ್ತಿದೆವು.

ವಿಷಯ ಕೇಳಿ ಡಾಕ್ಟರ ಕಿವಿ ಕೆಂಪಾಯಿತು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದರು, ನನ್ನನ್ನು ನೋಡಿಯೇ ಹೇಳಿದರು. ಡಾಕ್ಟರೊಬ್ಬರು ಹಾಗೆ ಹೇಳಿದ್ದನ್ನು ನಾನು ಮತ್ತೆಂದೂ ಕೇಳಿಲ್ಲ. ಆಮೇಲೆ ಎದೆಗೆ ಕೊಳವೆಯಿಟ್ಟು ಕಣ್ಣು ಮುಚ್ಚಿ ತುಂಬ ಹೊತ್ತು ಕೇಳಿದರು. ಕೊನೆಗೆ ಕೊಳವೆಯನ್ನು ನನ್ನ ಕಿವಿಗೇ ಕೊಟ್ಟರು. ಲಬ್ ಡಬ್ ಅನ್ನಬೇಕಾದ ಕಡೆ ಒಂದು ಉಜ್ಜಿದಂಥ ಸದ್ದು, ಮೊರಕ್ಕೆ ತವುಡು ಹಾಕಿ ಕೇರಿದ ಹಾಗೆ. ನನ್ನೊಳಗೆ ಯಾರೋ ಇಪ್ಪತ್ತೆರಡು ವರ್ಷದಿಂದ ಬಿಡುವಿಲ್ಲದೆ ಕೆಲಸ ಮಾಡುತ್ತಿದ್ದಾರೆ, ಗಾಯ ಮಾಡಿಕೊಂಡೂ ಮಾಡುತ್ತಿದ್ದಾರೆ, ನಾನು ಒಂದು ದಿನವೂ ಅವರನ್ನು ವಿಚಾರಿಸಿಲ್ಲ ಅನಿಸಿತು. ಭಯಕ್ಕಿಂತ ಮೊದಲು ನನಗೆ ಬಂದದ್ದು ಬೆರಗು. ಭಯ ಬಸ್ಸಿನಲ್ಲಿ ಬಂತು.

ಕೀಲುಜ್ವರ ಎದೆಯ ಬಾಗಿಲನ್ನು ಕೆಡಿಸಿದೆ ಅಂದರು ಡಾಕ್ಟರು. ಮೈಸೂರಿಗೂ ಹೋಗಿ ತೋರಿಸಿ ಬಂದೆವು, ಅವರೂ ಅದನ್ನೇ ಹೇಳಿದರು. ಮೂರು ತಿಂಗಳು ಹಾಸಿಗೆ. ಮೂರು ವಾರಕ್ಕೊಂದು ಇಂಜೆಕ್ಷನ್, ಎಷ್ಟು ವರ್ಷ ಎಂದು ಕೇಳಬಾರದು. ಸದ್ಯಕ್ಕೆ ಮಗುವಿನ ಯೋಚನೆ ಬೇಡ. ಕೊನೆಯ ಮಾತು ಬೀದಿಗೆ ಹೇಗೆ ಗೊತ್ತಾಯಿತೋ, ನೋಡಲು ಬಂದ ಹೆಂಗಸರು ನನ್ನ ಮುಂದೆಯೇ ಗಂಡನಿಗೆ ಹೆಣ್ಣು ಹುಡುಕತೊಡಗಿದರು. ಆ ವಾರವೇ ಮಧುವನಹಳ್ಳಿಯಿಂದ ನಮ್ಮಣ್ಣ ನಂಜುಂಡಪ್ಪ ಗಾಡಿ ಕಟ್ಟಿಕೊಂಡು ಬಂದ.

“ಕರ್ಕಂಡೋಯ್ತೀನಿ ಅತ್ತೆ. ನಮ್ಮವ್ವನ ತಾವು ಬಿದ್ದಿರ್ಲಿ. ಇಲ್ಲಿದ್ದು ನಿಮ್ಗ್ಯಾಕೆ ಭಾರ” ಅಂದ.

ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಕಾಯಿಲೆಯೆಂದು ತವರಿಗೆ ಹೋದ ಮಕ್ಕಳಿಲ್ಲದ ಸೊಸೆ ತಿರುಗಿ ಬರುವುದಿಲ್ಲ, ಅವಳ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗಂಡ ನೆಲ ನೋಡುತ್ತಾ ನಿಂತಿದ್ದ. ಮಾತಾಡದಿರುವುದು ಅವನ ಸ್ವಭಾವ, ಅವತ್ತು ಅದಕ್ಕಾಗಿ ನಾನು ಅವನನ್ನು ಮನಸ್ಸಿನಲ್ಲೇ ಶಪಿಸಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚಿ ಮಡಿಸಿ ಬಾಯಿಗಿಟ್ಟುಕೊಂಡು, “ಒಂದ್ವರ್ಸ ನೋಡುವ ನಂಜುಂಡಪ್ಪ. ಆಮೇಕೆ ನೀನೇ ಬಾ” ಅಂದರು. ಹೌದೂ ಅಲ್ಲ, ಅಲ್ಲವೂ ಅಲ್ಲ. ನನಗೆ ಒಂದು ವರ್ಷದ ವಾಯಿದೆ ಸಿಕ್ಕಿತು.

ಇಂಜೆಕ್ಷನ್ ದಿನಗಳ ಬಗ್ಗೆ ಒಂದು ಮಾತು. ಕೊಳ್ಳೇಗಾಲದ ಆಸ್ಪತ್ರೆಯ ಆ ಉದ್ದ ಬೆಂಚಿನ ಮೇಲೆ ಅರ್ಧ ತಮಿಳು ಅರ್ಧ ಕನ್ನಡ ಆಡುವ ಗಡಿಯೂರಿನ ಒಬ್ಬ ಮುದುಕಿ ಯಾವಾಗಲೂ ನನಗಿಂತ ಮೊದಲೇ ಬಂದು ಕೂತಿರುತ್ತಿದ್ದರು. ಅವರಿಗೆ ದಮ್ಮು. “ವಾಮ್ಮ, ಇಂಗೆ ಕೂತ್ಕೋ” ಎಂದು ಸರಿದು ಜಾಗ ಕೊಡುತ್ತಿದ್ದರು. ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ, ಇಬ್ಬರಿಗೂ ಉಸಿರು ಉಳಿಸಿಕೊಳ್ಳಬೇಕಿತ್ತು. ಪಕ್ಕದಲ್ಲಿ ಮೇಲುಸಿರು ಬಿಡುವ ಇನ್ನೊಂದು ಜೀವ ಇದೆ ಎನ್ನುವುದೇ ಎಷ್ಟೋ ಸಮಾಧಾನ. ಔಷಧಿ ಗಟ್ಟಿ ಹಾಲಿನಂತಿರುತ್ತಿತ್ತು, ಚುಚ್ಚಿದರೆ ಎರಡು ದಿನ ಕಾಲೆಳೆದು ನಡೆಯಬೇಕು. ಕಾಂಪೌಂಡರು ಮಹಾ ಸಿಡುಕ. ಆದರೆ ಚುಚ್ಚುವ ಮೊದಲು ಆ ಬುಡ್ಡಿಯನ್ನು ಎರಡು ಅಂಗೈಗಳ ನಡುವೆ ಹೊಸೆದು ಹೊಸೆದು ಬೆಚ್ಚಗೆ ಮಾಡುತ್ತಿದ್ದರು, ಬಿಸಿಯಾದರೆ ನೋವು ಕಡಿಮೆಯಂತೆ. ಹೊರಗೆ ಮೂವತ್ತು ಜನ ಕಾದಿದ್ದರೂ ಹೊಸೆಯುವುದನ್ನು ಬಿಡುತ್ತಿರಲಿಲ್ಲ. ಬೈಯುತ್ತಲೇ ಹೊಸೆಯುತ್ತಿದ್ದರು.

ಮೂರು ತಿಂಗಳು ಮುಗಿದಾಗ ಡಾಕ್ಟರು ಅಂದರು, “ಮಲಗಿದ್ದು ಸಾಕು. ಇನ್ನು ಎದ್ದು ಓಡಾಡಬೇಕು, ಕೆಲಸ ಮಾಡಬೇಕು. ಮಾಡದಿದ್ದರೆ ಇನ್ನೂ ಸೋಲುತ್ತೀರಿ. ಆದರೆ ಸುಸ್ತಾಗುವ ಮೊದಲೇ ಕೂರಬೇಕು.”

“ಸುಸ್ತಾಗೋಕ್ ಮುಂಚೆ ಸುಸ್ತಾಯ್ತದೆ ಅಂತ ಎಂಗೆ ಗೊತ್ತಾಗೋದು ಸಾ?”

ಅವರು “ಅದು ನನಗೂ ಗೊತ್ತಿಲ್ಲ” ಅಂದರು.

ಸುಸ್ತು ಅಂದರೆ ಏನು ಎಂದು ಚೆನ್ನಾಗಿರುವವರಿಗೆ ತಿಳಿಸುವುದು ಕಷ್ಟ. ಅವರು ನಿದ್ದೆ ಮಾಡಿದರೆ ಹೋಗುವ ಸುಸ್ತನ್ನು ಬಲ್ಲರು. ಇದು ಹಾಗಲ್ಲ. ಅರ್ಧ ಕೊಡ ನೀರು ಎತ್ತಿದಾಗ ಕೈ ನನ್ನದಲ್ಲ, ಯಾರದೋ ಕೈಯನ್ನು ಹೊತ್ತುಕೊಂಡಿದ್ದೇನೆ ಅನಿಸುವುದು. ಬೈದವರಿಗೆ ತಿರುಗಿ ಉತ್ತರ ಕೊಡಲೂ ಬೇಸರವಾಗುವುದು. ಒಂದೊಂದು ದಿನ ಮಾತ್ರ ಏನೂ ಆಗಿಲ್ಲವೇನೋ ಎಂಬಂತೆ ಹಗುರಾಗಿ ಏಳುತ್ತಿದ್ದೆ. ಆ ದಿನ ಬಂತೆಂದರೆ ಇಪ್ಪತ್ತೂ ತಟ್ಟೆಗೆ ನಾನೇ ಸೊಪ್ಪು ಹಾಕಿ, ನೆಲ ಸಾರಿಸಿ, ಬಟ್ಟೆ ಒಗೆದು, ಎಲ್ಲರಿಗೂ ಕಾಣುವಂತೆ ಓಡಾಡುತ್ತಿದ್ದೆ. ನನ್ನ ವಾಯಿದೆ ಮುಗಿಯುತ್ತಿತ್ತಲ್ಲ! ಮಾರನೆಯ ದಿನದಿಂದ ಮೂರು ದಿನ ಎದ್ದು ಕೂರಲೂ ಆಗುತ್ತಿರಲಿಲ್ಲ. ಹೀಗೆ ನಾಲ್ಕೈದು ಸಲವಾಯಿತು. ಸಲಸಲಕ್ಕೂ ಬೀಳುವುದು ಜೋರಾಯಿತು.

ಐದನೆಯ ಸಲ ಬಿದ್ದು ಎದ್ದಾಗ ಅತ್ತೆ ನನ್ನ ರಟ್ಟೆ ಹಿಡಿದು ಅಟ್ಟಣೆಯ ಹತ್ತಿರ ಕರೆದುಕೊಂಡು ಹೋದರು. ಹುಳುಗಳು ಮೂರನೇ ಜ್ವರಕ್ಕೆ ಕೂತಿದ್ದವು. ತಟ್ಟೆಯ ತುಂಬ ಎತ್ತಿದ ತಲೆಗಳು, ಒಂದೂ ಅಲುಗುತ್ತಿಲ್ಲ.

“ಇದ ನೋಡು ನಾಗಿ. ಇದು ಸುಸ್ತಾಗಿ ಕೂತದೆ ಅಂದ್ಕಂಡಿದ್ದಿಯಾ?”

“ಊಂ ಅತ್ತೆ, ಮತ್ತೆ?”

“ಒಟ್ಟೆ ತುಂಬ ತಿಂದು, ಮೈಲಿ ಕಸುವು ಇರೋವಾಗ್ಲೇ ಕೂತ್ಕತದೆ ಕಣವ್ವ. ಒಟ್ಟೆಗಿಲ್ದೆ ಸೋತು ಕೂತ ಉಳ ಇದ್ಯಲ್ಲ, ಅದು ಪೊರೆ ಬುಡಕ್ಕಾಗ್ದೆ ಅಲ್ಲೇ ಸಾಯ್ತದೆ. ನೀನು ಸತ್ಮೇಲೆ ಕೂತ್ಕತಿಯ. ಅದ್ಕೇ ಏಳಕ್ಕಾಯ್ತಾ ಇಲ್ಲ.”

ನಾನು ಆ ತಟ್ಟೆಯನ್ನು ನೋಡಿದೆ. ಮದುವೆಯಾದಾಗಿನಿಂದ ಎಷ್ಟು ಬೆಳೆ ತೆಗೆದಿದ್ದೆ, ಬೆಳೆಬೆಳೆಗೂ ನಾಲ್ಕು ಜ್ವರ ಕಂಡಿದ್ದೆ, ಆ ಹೊತ್ತು ನಮಗೆ ಬಿಡುವು ಎನ್ನುವುದು ಬಿಟ್ಟರೆ ಬೇರೇನೂ ತೋಚಿರಲಿಲ್ಲ. ಅಲ್ಲಾಡದೆ ಕೂತ ಆ ಬೆರಳ ಗೆಣ್ಣಿನಷ್ಟು ಜೀವದೊಳಗೆ ಇನ್ನೊಂದು ಚರ್ಮ ತಯಾರಾಗುತ್ತಿತ್ತು. ಕೂತದ್ದೇ ಅದರ ದೊಡ್ಡ ಕೆಲಸ. ಯಾವ ಹುಳುವೂ ನಾಚಿಕೊಂಡು ಕೂತಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ ಅದನ್ನು ನೋಡದವರಂತೆ ಹುಳುವಿನ ಮೇಲೆ ಉದುರಿಸುವ ಸುಣ್ಣದ ಪುಡಿ ತರಲು ಒಳಗೆ ಹೋದರು.

ಅಂದಿನಿಂದ ಕಾನೂನು ಬದಲಾಯಿತು. ಎಂಟು ತಟ್ಟೆ ಮಾಡಬಲ್ಲೆ ಅನಿಸಿದ ದಿನ ನಾಲ್ಕಕ್ಕೆ ನಿಲ್ಲಿಸಬೇಕು. ನಾನು ಐದನೆಯದಕ್ಕೆ ಕೈ ಹಾಕಿದರೆ ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಿದ್ದರು, “ಜರಕ್ಕೆ ಕೂತ್ಕಳೇ!” ಗೋಡೆಗೆ ಒರಗಿ, ಸೊಪ್ಪಿನ ಮೂಟೆಯ ಮೇಲೆ ಕಾಲಿಟ್ಟು ಕೂರುತ್ತಿದ್ದೆ. ನೆರೆಯ ಸಿದ್ದಮ್ಮ ಬಂದು “ಎಲ್ಲವ್ವ ನಿನ್ ಸೊಸೆ” ಅಂದರೆ, “ಜರಕ್ಕೆ ಕೂತವ್ಳೆ, ಮುಟ್ಬ್ಯಾಡ” ಎಂದು ಅತ್ತೆ ಗಂಭೀರವಾಗಿ ಹೇಳುತ್ತಿದ್ದರು. ಊರು ನಕ್ಕಿತು, ನನಗೆ ಆ ಹೆಸರೇ ನಿಂತಿತು. ನಿಂತು ಹೆಚ್ಚುತ್ತಿದ್ದ ಸೊಪ್ಪನ್ನು ಮಣೆಯ ಮೇಲೆ ಕೂತು ಹೆಚ್ಚತೊಡಗಿದೆ. ಡಾಕ್ಟರು ಹೇಳಿದಂತೆ ದಿನಾ ನಡೆಯುತ್ತಿದ್ದೆ. ಮೊದಲ ತಿಂಗಳು ಹಿತ್ತಲ ಬೇಲಿಯತನಕ, ಮುಂದಿನ ತಿಂಗಳು ಹುಣಸೆಮರದತನಕ. ನಮ್ಮ ಹಿಪ್ಪುನೇರಳೆ ಹೊಲದ ಬದುವನ್ನು ಮುಟ್ಟಿದ ದಿನ, ಗಿಡದ ಒಂದು ಎಲೆ ಕಿತ್ತುಕೊಂಡು ಬಂದು ಅತ್ತೆಗೆ ಕೊಟ್ಟೆ. “ಒಂದೆಲೆ ತರಕ್ಕೆ ಅಲ್ಲೀಗಂಟ ಓಗಿದ್ದಾ?” ಎಂದು ಬೈದರು. ಎಲೆಯನ್ನು ಮಾತ್ರ ಬಿಸಾಡಲಿಲ್ಲ, ತಟ್ಟೆಗೆ ಹಾಕಿದರು.

ವರ್ಷ ತುಂಬುವುದಕ್ಕೆ ಹತ್ತು ದಿನ ಇದ್ದಾಗ ಅತ್ತೆ ಹೊಲದಲ್ಲಿ ಸೊಪ್ಪಿನ ಹೊರೆ ಹೊತ್ತು ಜಾರಿ ಬಿದ್ದರು. ಬಲಗೈ ಮುರಿಯಿತು. ಯಳಂದೂರಿನ ಹತ್ತಿರ ಮೂಳೆ ಕಟ್ಟುವವರಿದ್ದರು, ಅಲ್ಲೇ ಅತ್ತೆಯ ತಂಗಿಯ ಮನೆ. ಕಟ್ಟು ಹಾಕಿಸಿಕೊಂಡು ಹತ್ತು ದಿನ ಅಲ್ಲೇ ಇರಬೇಕಾಯಿತು. ಸರಿಯಾಗಿ ಅಂದೇ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಆಮೇಲಿನ ಒಂದು ವಾರ ಹುಳು ತಿನ್ನುವುದನ್ನು ನೋಡಿಯೇ ತಿಳಿಯಬೇಕು. ಅದುವರೆಗೆ ತಿಂದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚನ್ನು ಆ ವಾರವೊಂದರಲ್ಲೇ ತಿನ್ನುತ್ತವೆ. ಗಟ್ಟಿಮುಟ್ಟಾದ ಇಬ್ಬರು ಹೆಂಗಸರಿಗೂ ಸೊಂಟ ಬೀಳುವ ಕೆಲಸ. ಅತ್ತೆ ಗಾಡಿ ಹತ್ತುವ ಮೊದಲು ತಟ್ಟೆಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಎಲ್ಲಾನೂ ಉಳುಸ್ತೀನಿ ಅಂತ ಓಗ್ಬ್ಯಾಡ” ಎಂದಷ್ಟೇ ಹೇಳಿದರು.

ಅವರ ಗಾಡಿ ತಿರುವು ದಾಟಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಕೇಳಿ ಗಂಡ ಬಿಳಿಚಿಕೊಂಡ. ಹತ್ತು ತಟ್ಟೆಯನ್ನು ಸಿದ್ದಮ್ಮನಿಗೆ ಕೊಟ್ಟುಬಿಟ್ಟೆ.

“ಅವ್ವ ಬಂದ್ರೆ ಏನೇಳ್ಳಿ?”

“ನಾ ಏಳ್ತೀನಿ. ಮೇಲಿನ ತಟ್ಟೆನೆಲ್ಲ ಕೆಳೀಕ್ ಇಳ್ಸು. ನಂಗೆ ಕೈ ಎತ್ತಿ ಆಕಕ್ಕಾಗಲ್ಲ.”

ಐದು ತಟ್ಟೆಗೆ ಸೊಪ್ಪು, ಕೂರುವುದು. ಉಸಿರು ತಿಳಿಯಾದ ಮೇಲೆ ಇನ್ನೈದು, ಮತ್ತೆ ಕೂರುವುದು. ಕೂತಾಗ ಕಣ್ಣು ಮುಚ್ಚಿದರೆ ಮೂವತ್ತು ತಟ್ಟೆಯಿಂದಲೂ ಸರಸರ ಎಂದು ತಿನ್ನುವ ಸದ್ದು. ಹಾಸಿಗೆಯಲ್ಲಿದ್ದಾಗ ಇದೇ ಸದ್ದು ಕೇಳಿ ಅತ್ತಿದ್ದೆ. ಈಗ ಅದು ನಾನು ಹಾಕಿದ ಸೊಪ್ಪಿನ ಸದ್ದು.

ನಾಲ್ಕನೆಯ ದಿನ ಪಾದ ಊದಿತು. ಹತ್ತು ತಟ್ಟೆ ಮುಗಿಸಿದ್ದೆ, ಇಪ್ಪತ್ತು ಬಾಕಿ, ಹುಳುಗಳು ಬರೀ ಕಡ್ಡಿಯ ಮೇಲೆ ತಲೆಯಾಡಿಸಿ ಹುಡುಕುತ್ತಿದ್ದವು. ಹೇಗಾದರೂ ಮಾಡಿ ಮುಗಿಸಿಬಿಡೋಣ ಅನಿಸಿತು, ಅಣ್ಣ ಬರುವ ದಿನ ಕಣ್ಣ ಮುಂದೆಯೇ ಇತ್ತು. ಕೂತೆ. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ಗಂಡ ಸೊಪ್ಪಿನ ಹೊರೆ ಇಳಿಸಿ, ನನ್ನನ್ನು ನೋಡಿದ, ತಟ್ಟೆಗಳನ್ನು ನೋಡಿದ. ಸೊಪ್ಪು ತರುವುದು ಗಂಡಸು, ಹಾಕುವುದು ಹೆಂಗಸು, ಆ ಮನೆಯಲ್ಲಿ ಅದು ಯಾವತ್ತೂ ಹಾಗೇ ನಡೆದದ್ದು. ಅವನು ಕೈ ತೊಳೆದುಕೊಂಡು ಬಂದ.

“ಎಂಗಾಕೋದು ಏಳು” ಅಂದ.

ದಪ್ಪ ದಪ್ಪ ಹಾಕಿದ, ಒಂದು ಕಡೆ ಗುಡ್ಡೆ, ಒಂದು ಕಡೆ ಬಯಲು. ನಾನು ಕೂತಲ್ಲಿಂದಲೇ ಬೈದೆ. ಅವನು ಹಲ್ಲು ಬಿಟ್ಟ. ವರ್ಷವಿಡೀ ನೆಲ ನೋಡುತ್ತಿದ್ದ ಮನುಷ್ಯ ಅಂದು ಇಪ್ಪತ್ತು ತಟ್ಟೆಯ ಮುಂದೆಯೂ ಬಗ್ಗಿ ಬಗ್ಗಿ ನಿಂತದ್ದನ್ನು ನೋಡಿ, ಹಿಂದೆ ಶಪಿಸಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡೆ.

ಎಂಟನೆಯ ದಿನ ಹುಳು ಹಣ್ಣಾದವು. ಹಸಿರು ಮೈ ತಿಳಿಯಾಗಿ ಹೊಂಬಣ್ಣಕ್ಕೆ ತಿರುಗಿತು. ಒಂದನ್ನು ಬೆರಳ ಮೇಲಿಟ್ಟು ಬಾಗಿಲ ಬೆಳಕಿಗೆ ಹಿಡಿದೆ. ಒಳಗೆಲ್ಲ ಬೆಳಕು, ಮೈಯೆಲ್ಲ ನೂಲು. ಬರೀ ಎಲೆ ತಿಂದು, ನಾಲ್ಕು ಸಲ ಸುಮ್ಮನೆ ಕೂತು ಎದ್ದ ಜೀವ ಇದು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಆಮೇಲೆ ಗಂಡನೂ ನಾನೂ ಒಂದೊಂದನ್ನೇ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗಳ ಮೇಲೆ ಬಿಟ್ಟೆವು.

ಅತ್ತೆಯ ಗಾಡಿಯೂ ಅಣ್ಣನ ಗಾಡಿಯೂ ಒಂದೇ ದಿನ ಬಂದವು. ಅತ್ತೆ ಕೈಗೆ ಬಿದಿರ ದಬ್ಬೆಯ ಕಟ್ಟು ಹಾಕಿಕೊಂಡೇ ಒಳಗೆ ಬಂದು, ಚಂದ್ರಿಕೆಗಳನ್ನೆಲ್ಲ ಸುತ್ತಿ ನೋಡಿದರು. ಚಂದ್ರಿಕೆಗಳ ತುಂಬ ಹಳದಿ ಗೂಡುಗಳು.

“ಇನ್ನತ್ತು ತಟ್ಟೆ ಎಲ್ಲಿ?”

“ಸಿದ್ದಮ್ಮಂಗೆ ಕೊಟ್ಟೆ ಅತ್ತೆ.”

ಅತ್ತೆ ಒಂದು ಗೂಡನ್ನು ಬೆರಳಿನಿಂದ ಒತ್ತಿ ನೋಡಿದರು. ಅಣ್ಣ ಬಾಗಿಲಲ್ಲಿ ನಿಂತು ಕೆಮ್ಮಿದ. “ವರ್ಸ ಆಯ್ತಲ್ಲ ಅತ್ತೆ. ಗಾಡಿ ತಂದಿವ್ನಿ.”

ಅತ್ತೆ ಅವನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿದರು. “ನೀನೇ ಏಳು. ಈ ಮನೆ ಕೆಲ್ಸ ನಿಂಗಾಯ್ತದಾ?”

ಆಗುತ್ತದೆ ಎಂದು ಸುಳ್ಳು ಹೇಳಬಹುದಿತ್ತು. ಒಂದು ವರ್ಷ ಆ ಸುಳ್ಳು ಹೇಳುವುದಕ್ಕೆಂದೇ ಒದ್ದಾಡಿದ್ದೆ.

“ಎಲ್ಲಾನೂ ಆಗಲ್ಲ ಅತ್ತೆ. ಮದ್ಯಾನದಗಂಟ ಆಯ್ತದೆ.”

ಅತ್ತೆ ಕಟ್ಟು ಹಾಕಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡು ಅಣ್ಣನ ಕಡೆ ತಿರುಗಿದರು.

“ಕೇಳುಸ್ತಾ ನಂಜುಂಡಪ್ಪ? ಕಟ್ಟು ಬಿಚ್ಚಿದ್ಮೇಲೂ ನಂಗೂ ಬೆಳಗ್ಗೆ ಒತ್ತು ಈ ಕೈ ಬಗ್ಗಲ್ವಂತೆ. ಬೆಳಗ್ಗಿಂದು ಅವ್ಳು ಮಾಡ್ತಾಳೆ, ಸಂದೇದು ನಾ ಮಾಡ್ತೀನಿ. ಗಾಡಿ ಬಿಚ್ಚು, ಉಂಡ್ಕಂಡ್ ಓಗೀವಂತೆ.”